ಒಮಾಹಾದ ಆ ಒಂದು ಮತ

ಮಾನ್ಯರೇ,

ಅಮೆರಿಕದ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುತ್ತಾರೆ ಎಂದೇ ನಮ್ಮಲ್ಲಿ ಹಲವರ ನಂಬಿಕೆ. ನಿಜವಾಗಿ ಆರಿಸುವವರು ರಾಜ್ಯಗಳು ಮತ್ತು ರಾಜಧಾನಿ ಕಳುಹಿಸುವ 538 ಪ್ರತಿನಿಧಿಗಳು. ಗೆಲ್ಲಲು 270 ಮತ ಬೇಕು. 2000ರಲ್ಲಿ ಫ್ಲಾರಿಡಾದಲ್ಲಿ ಬುಷ್ ಮುಂದಿದ್ದದ್ದು ಕೇವಲ 537 ಮತಗಳಿಂದ. ಆದರೂ ಆ ರಾಜ್ಯದ 25 ಪ್ರತಿನಿಧಿ ಮತಗಳೂ ಇಡಿಯಾಗಿ ಅವರ ಪಾಲಾದವು. ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮತ ಅಧಿಕ ಪಡೆದಿದ್ದ ಅಲ್ ಗೋರ್ ಮನೆ ಸೇರಿದರು!

ಮೇನ್ ಮತ್ತು ನೆಬ್ರಾಸ್ಕ ಮಾತ್ರ ಹೀಗೆ ಬಾಚಿಕೊಡುವುದಿಲ್ಲ. ನೆಬ್ರಾಸ್ಕದ ಐದು ಮತಗಳಲ್ಲಿ ಎರಡು ಇಡೀ ರಾಜ್ಯದಲ್ಲಿ ಗೆದ್ದವರಿಗೆ, ಉಳಿದ ಮೂರು ಒಂದೊಂದು ಕ್ಷೇತ್ರದಲ್ಲಿ ಗೆದ್ದವರಿಗೆ. ಹಾಗಾಗಿಯೇ ರಿಪಬ್ಲಿಕನ್ ಪಕ್ಷದ ಕೋಟೆಯೊಳಗಿನ ಒಮಾಹಾ ನಗರದ ಕ್ಷೇತ್ರ ಎದುರಾಳಿ ಡೆಮಾಕ್ರಟಿಕ್ ಪಕ್ಷದವರಿಗೆ, ಅಂದರೆ 2008ರಲ್ಲಿ ಒಬಾಮಗೆ, 2020ರಲ್ಲಿ ಬೈಡನ್‌ಗೆ, 2024ರಲ್ಲಿ ಕಮಲಾ ಹ್ಯಾರಿಸ್‌ಗೆ ಒಲಿಯಿತು. ಈ ಒಂದು ಮತಕ್ಕಾಗಿ 2024ರಲ್ಲಿ ನಿಯಮವನ್ನೇ ಬದಲಿಸುವ ಪ್ರಯತ್ನ ನಡೆದು ಕೈಗೂಡಲಿಲ್ಲ ಎಂದರೆ ಅದರ ಬೆಲೆ ಊಹಿಸಬಹುದು.

ನನಗೆ ಈ ಹಂಚಿಕೆಯೇ ನ್ಯಾಯವೆನಿಸುತ್ತದೆ. ತೊಡಕು ಒಂದೇ: ಕ್ಷೇತ್ರಗಳ ಗಡಿ ಗೀಚುವ ಪೆನ್ಸಿಲ್ಲು ಶಾಸಕರ ಕೈಯಲ್ಲೇ ಇದೆ.

– ಓದುಗ, ಮೈಸೂರು