ಡೇವಿಡ್ ಲೀನ್ ಮತ್ತು ನಮ್ಮ ಸಾವನದುರ್ಗ

ಮಾನ್ಯ ಸಂಪಾದಕರೇ,

ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ಅವರನ್ನು ಅದ್ದೂರಿ ದೃಶ್ಯಗಳಿಗಾಗಿ ಮಾತ್ರ ನೆನೆಯುವುದು ಅವರಿಗೆ ಮಾಡುವ ಅನ್ಯಾಯವೆಂದು ನಾನು ಭಾವಿಸುತ್ತೇನೆ. 1930ರ ದಶಕದಲ್ಲಿ ಸಂಕಲನಕಾರರಾಗಿ ಹೆಸರು ಮಾಡಿದ ಬಳಿಕವೇ, 1942ರಲ್ಲಿ ಅವರು ನಾಟಕಕಾರ ನೋಯೆಲ್ ಕವರ್ಡ್ ಜೊತೆಗೂಡಿ ನಿರ್ದೇಶನಕ್ಕಿಳಿದರು. 'ಲಾರೆನ್ಸ್ ಆಫ್ ಅರೇಬಿಯಾ'ದಲ್ಲಿ (1962) ನಾಯಕ ಬೆಂಕಿಕಡ್ಡಿಯನ್ನು ಊದಿ ಆರಿಸಿದೊಡನೆ ಮರುಭೂಮಿಯ ಸೂರ್ಯೋದಯ ತೆರೆಯನ್ನು ತುಂಬಿಕೊಳ್ಳುತ್ತದೆ. ಸಂಕಲನವನ್ನು ಬಲ್ಲ ನಿರ್ದೇಶಕನಿಗಷ್ಟೇ ಒಲಿಯುವ ಜೋಡಣೆಯಿದು. ಆದರೂ ನನ್ನ ಮಟ್ಟಿಗೆ ಅವರ ಶ್ರೇಷ್ಠ ಕೃತಿ, ರೈಲು ನಿಲ್ದಾಣದ ಉಪಾಹಾರ ಗೃಹದಲ್ಲಿ ಭೇಟಿಯಾಗುವ ಇಬ್ಬರು ವಿವಾಹಿತರ ಸಂಕಟವನ್ನು ತಗ್ಗಿದ ದನಿಯಲ್ಲಿ ಹೇಳುವ 'ಬ್ರೀಫ್ ಎನ್‌ಕೌಂಟರ್' (1945).

1970ರ 'ರಯಾನ್ಸ್ ಡಾಟರ್' ಚಿತ್ರವನ್ನು ವಿಮರ್ಶಕರು ಕಟುವಾಗಿ ಟೀಕಿಸಿದ ನಂತರ 14 ವರ್ಷ ಅವರ ಯಾವ ಕಥಾಚಿತ್ರವೂ ಬರಲಿಲ್ಲ. ಮೌನ ಮುರಿದ 'ಎ ಪ್ಯಾಸೇಜ್ ಟು ಇಂಡಿಯಾ' (1984) ಅವರ ಕೊನೆಯ ಚಿತ್ರವೂ ಆಯಿತು. ಅದರ ಸಂಕಲನವನ್ನು ಅವರೇ ಮಾಡಿದರು. ಕಥೆಯ ಗುಹೆಗಳಿರುವ ಬೆಟ್ಟಗಳಾಗಿ ಅಲ್ಲಿ ಕಾಣಿಸಿಕೊಂಡದ್ದು ನಮ್ಮ ಸಾವನದುರ್ಗ ಮತ್ತು ರಾಮನಗರದ ಬಂಡೆಗಳು. ನಮ್ಮ ಚಲನಚಿತ್ರ ಸಂಘಗಳು ಈ ಚಿತ್ರವನ್ನೂ 'ಬ್ರೀಫ್ ಎನ್‌ಕೌಂಟರ್' ಅನ್ನೂ ಒಟ್ಟಿಗೆ ಪ್ರದರ್ಶಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಮಾಗಡಿ