ಸುಬೇದಾರ್ ಮಾಮಾ ಅವರ ಸ್ಮರಣೆ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರಿಗೆ ನಮಸ್ಕಾರ.

ಪುಣೆಯ ಖಡಕಿ, ದಾಪೋಡಿ ಕಡೆಯ ಕನ್ನಡಿಗರೆಲ್ಲ ಸುಬೇದಾರ್ ಮಾಮಾ ಎಂದೇ ಕರೆಯುತ್ತಿದ್ದ ನಮ್ಮ ಹಿರಿಯರು ಕಳೆದ ವಾರ ತೀರಿಕೊಂಡ ಸುದ್ದಿ ತಮಗೆ ತಿಳಿದೇ ಇದೆ. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಎಂಬ ಸೇನೆಯ ಎಂಜಿನಿಯರ್ ಪಡೆಯನ್ನು ಸೇರಿ, 1971ರ ಯುದ್ಧದಲ್ಲಿ ಪೂರ್ವ ರಂಗದಲ್ಲಿ ಸೇತುವೆ ಕಟ್ಟುವ ತುಕಡಿಯಲ್ಲಿ ದುಡಿದಿದ್ದ ಅವರು, ಡಿಸೆಂಬರ್ 16ರ ವಿಜಯ ದಿವಸದಂದು ಮಾತಿಗೆ ನಿಂತರೆ ಗುಂಡಿನ ಸುದ್ದಿಗಿಂತ ಅಲ್ಲಿನ ನದಿಗಳ ಸುದ್ದಿಯನ್ನೇ ಹೆಚ್ಚು ಹೇಳುತ್ತಿದ್ದರು.

ನಿವೃತ್ತಿಯ ನಂತರ ಅವರು ಹಿಡಿದ ಕೆಲಸ ಸದ್ದಿಲ್ಲದ್ದು. ಬೆಳಗಾವಿ, ವಿಜಯಪುರ ಕಡೆಯಿಂದ ಬಂದು ಇಲ್ಲಿ ನೆಲೆಸಿದ, ಮರಾಠಿಯಾಗಲಿ ಹಿಂದಿಯಾಗಲಿ ಸರಿಯಾಗಿ ಬಾರದ, ತೀರಿಕೊಂಡ ಯೋಧರ ಪತ್ನಿಯರಿಗೆ ಕುಟುಂಬ ಪಿಂಚಣಿಯ ಅರ್ಜಿ ತುಂಬಿಸುವುದು, ಅವರನ್ನು ಜಿಲ್ಲಾ ಸೈನಿಕ ಕಚೇರಿಗೆ ಕರೆದೊಯ್ಯುವುದು, ನವೆಂಬರ್ ಬಂತೆಂದರೆ ಜೀವಿತ ಪ್ರಮಾಣಪತ್ರವನ್ನು ನೆನಪಿಸುವುದು ಇವೆಲ್ಲವನ್ನೂ ಅವರು ತಮ್ಮ ಕರ್ತವ್ಯವೆಂದೇ ತಿಳಿದಿದ್ದರು. ಪಿಂಚಣಿ ವ್ಯವಹಾರ ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿ ಜಾಲತಾಣಕ್ಕೆ ಬದಲಾದಾಗ, ಆ ವಯಸ್ಸಿನಲ್ಲೂ ಮೊಮ್ಮಗಳಿಂದ ಕಂಪ್ಯೂಟರ್ ಕಲಿತರು. ಕಾಗದಪತ್ರ ಕಳೆದುಕೊಂಡು ಬಂದವರನ್ನು ಗದರುತ್ತಿದ್ದುದೂ ನಿಜ. ಗದರಿದ ಮೇಲೆ ಚಹಾ ಕುಡಿಸದೆ ಕಳುಹಿಸುತ್ತಿರಲಿಲ್ಲ.

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಅವರ ನಿವಾಸದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಲಿದೆ. ಹೂಹಾರಗಳ ಬದಲು ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಗೆ ಕಾಣಿಕೆ ಸಲ್ಲಿಸಬೇಕೆಂಬುದು ಕುಟುಂಬದವರ ಕೋರಿಕೆ. ಅವರ ಬಳಿ ಅರ್ಧಕ್ಕೆ ನಿಂತಿರುವ ಅರ್ಜಿಗಳನ್ನು ಮುಂದುವರಿಸಲು ಸಿದ್ಧರಿರುವ ಸದಸ್ಯರು ಶನಿವಾರದೊಳಗೆ ಗುಂಪಿನ ನಿರ್ವಾಹಕರಿಗೆ ತಿಳಿಸಬೇಕಾಗಿ ವಿನಂತಿ.