ಉದ್ದ ಕಾಲಿನ ಮರಿಯನ್ನು ಸಾರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಕೊಡಗಿನ ತೋಟದ ಮನೆಗಳ ಹಿತ್ತಲಲ್ಲಿ ನಾಟಿ ಕೋಳಿಗಳ ಜೊತೆಗೆ ಬ್ಯಾಂಟಮ್ ಎಂಬ ಗಿಡ್ಡ ಕೋಳಿಗಳನ್ನೂ ಹವ್ಯಾಸಕ್ಕಾಗಿ ಸಾಕುವವರಿದ್ದಾರೆ. ಮೊಟ್ಟೆ, ಮಾಂಸದ ಲೆಕ್ಕ ಹಾಕಿದರೆ ಇದರಲ್ಲಿ ಗಿಟ್ಟುವುದೇನೂ ಇಲ್ಲ. ಜೋಡಿ ಕಟ್ಟಿ, ಮರಿಯ ಬಣ್ಣ, ಪುಕ್ಕ, ನಿಲುವು ಹೇಗೆ ಬಂದೀತೆಂದು ಕಾಯುವುದೇ ಇದರ ಸುಖ. ಆದರೆ ಜೋಡಿ ಕಟ್ಟುವಾಗ ತಿಳಿದಿರಲೇಬೇಕಾದ ಒಂದು ಸಂಗತಿಯನ್ನು ಮಾರುವವರು ಹೇಳುತ್ತಿಲ್ಲ, ಕೊಳ್ಳುವವರು ಕೇಳುತ್ತಿಲ್ಲ.

ಜಪಾನಿ ಬ್ಯಾಂಟಮ್ ಕೋಳಿಗೆ ಗಿಡ್ಡ ಕಾಲೇ ಹೆಗ್ಗುರುತು. ಗಿಡ್ಡ ಕಾಲಿನ ಹುಂಜಕ್ಕೆ ಗಿಡ್ಡ ಕಾಲಿನ ಹೇಂಟೆಯನ್ನೇ ಬಿಟ್ಟರೆ ಮರಿಗಳೆಲ್ಲ ಗಿಡ್ಡವೇ ಆಗುತ್ತವೆಂದು ಯಾರಿಗಾದರೂ ಅನಿಸುತ್ತದೆ. ಹಾಗಾಗುವುದಿಲ್ಲ. ಈ ಗುಣದ ವಂಶವಾಹಿ ತಂದೆ, ತಾಯಿ ಎರಡೂ ಕಡೆಯಿಂದ ಬಂದರೆ ಭ್ರೂಣವು ಮೊಟ್ಟೆಯೊಳಗೇ ಸಾಯುತ್ತದೆ. ಆದ್ದರಿಂದ ಇಂತಹ ಜೋಡಿಯ ಫಲಿತ ಮೊಟ್ಟೆಗಳಲ್ಲಿ ಸರಾಸರಿ ಶೇ 25ರಷ್ಟು ಹಾಳಾಗುತ್ತವೆ, ಶೇ 50ರಷ್ಟು ಗಿಡ್ಡ ಕಾಲಿನವು, ಉಳಿದ ಶೇ 25ರಷ್ಟು ಉದ್ದ ಕಾಲಿನವು. ಬೈಗುಳ ಮಾತ್ರ ಕಾವಿಗೆ ಕೂತ ಹೇಂಟೆಗೆ, ಇಲ್ಲವೇ ಮಳೆಗಾಲದಲ್ಲಿ ಕೈಕೊಡುವ ಕರೆಂಟಿಗೆ. ಕಾವಿಗಿಟ್ಟ ಏಳೆಂಟನೇ ದಿನ ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ, ಜೀವವಿರುವ ಮೊಟ್ಟೆಯಲ್ಲಿ ಕೆಂಪು ನರಗಳು ಕವಲೊಡೆದು ಹರಡಿರುವುದೂ, ಬೆಳೆಯುತ್ತಾ ಸತ್ತದ್ದರಲ್ಲಿ ಬರೀ ರಕ್ತದ ಬಳೆಯೊಂದು ಉಳಿದಿರುವುದೂ ಕಾಣುತ್ತದೆ.

ಪರಿಹಾರ ಗೂಡಿನಲ್ಲೇ ಇದೆ. ತಳಿ ಕೆಟ್ಟಿತೆಂದು ನಾವು ಸಾರಿಗೆ ಹಾಕುವ ಉದ್ದ ಕಾಲಿನ ಹೇಂಟೆಯನ್ನೇ ಉಳಿಸಿಕೊಂಡು ಗಿಡ್ಡ ಹುಂಜಕ್ಕೆ ಜೋಡಿ ಮಾಡಿದರೆ, ಮರಿಗಳಲ್ಲಿ ಅರ್ಧದಷ್ಟು ಗಿಡ್ಡ ಕಾಲಿನವೇ ಬರುತ್ತವೆ. ಈ ಕಾರಣದಿಂದ ಒಂದು ಮೊಟ್ಟೆಯೂ ಸಾಯುವುದಿಲ್ಲ.

ಸುರುಳಿ ಪುಕ್ಕದ ಫ್ರಿಝಲ್ ಕೋಳಿಗಳಲ್ಲೂ ಎರಡು ಸುರುಳಿಗಳನ್ನು ಸೇರಿಸಬಾರದು. ಅಲ್ಲಿ ಮರಿ ಸಾಯುವುದಿಲ್ಲವಾದರೂ, ಕಾಲುಭಾಗ ಮರಿಗಳ ಪುಕ್ಕ ಅತಿಯಾಗಿ ಸುರುಟಿಕೊಂಡು, ಪುಡಿಯಾಗಿ ಉದುರಿ, ಮೈ ಬೋಳಾಗುತ್ತದೆ. ಮಡಿಕೇರಿ ಕಡೆಯ ಆಷಾಢದ ಮಳೆ, ಚಳಿಯಲ್ಲಿ ಅಂತಹ ಮರಿಯನ್ನು ಹುಟ್ಟಿಸುವುದು ಹವ್ಯಾಸವಲ್ಲ, ಹಿಂಸೆ. ಸಾದಾ ಪುಕ್ಕದ ಹೇಂಟೆಯೊಂದಿದ್ದರೆ ಸಾಕು, ಈ ಕಷ್ಟವೇ ಇರುವುದಿಲ್ಲ.

ಹೊಸ ಬಣ್ಣದ ಆಸೆಗೆ ಕಾಡುಕೋಳಿಯ ಮೊಟ್ಟೆ ತಂದು ಕಾವಿಗಿಡುವ ಮಾತನ್ನೂ ಕೆಲವರು ಆಡುತ್ತಾರೆ. ನಮ್ಮ ಕಾಡಿನ ಬೂದು ಕಾಡುಕೋಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಅದರ ಮೊಟ್ಟೆ ಎತ್ತುವುದು ಅಪರಾಧ. ಅಷ್ಟಕ್ಕೂ ಊರಕೋಳಿಯ ಹಳದಿ ಚರ್ಮದ ಗುಣ ಈ ಕಾಡುಕೋಳಿಯಿಂದಲೇ ಬಂದದ್ದೆಂದು 2008ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ತೋರಿಸಿದೆ. ಆಗಬೇಕಾದ ಬೆರಕೆ ಎಂದೋ ಆಗಿಹೋಗಿದೆ.

ಬ್ಯಾಂಟಮ್ ಮರಿ ಮಾರುವವರು ತಂದೆ, ತಾಯಿ ಕೋಳಿಗಳ ಫೋಟೊ ತೋರಿಸಿ, ಕಾಲು ಗಿಡ್ಡವೋ ಉದ್ದವೋ, ಪುಕ್ಕ ಸುರುಳಿಯೋ ಸಾದಾವೋ ಎಂಬುದನ್ನು ಬರೆದುಕೊಡುವ ರೂಢಿ ಮಾಡಿಕೊಳ್ಳಬೇಕು. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವು ಹಿತ್ತಲ ಕೋಳಿ ಸಾಕಣೆಯ ತರಬೇತಿ ನಡೆಸುವಾಗ ಜೋಡಿ ಕಟ್ಟುವ ವಿಷಯಕ್ಕೂ ಒಂದು ಗಂಟೆ ಮೀಸಲಿಡಬೇಕೆಂದು ಕೋರುತ್ತೇನೆ.

– ಹವ್ಯಾಸಿ ಕೋಳಿ ಸಾಕಣೆದಾರ, ಸೋಮವಾರಪೇಟೆ ತಾಲ್ಲೂಕು